ಲೇಸರ್ ನಳಿಗೆಯ ಆಯುಸ್ಸು

ಮದುವೆಯ ಕರೆಯೋಲೆಯಲ್ಲಿ ನವಿರಾದ ಜಾಲರಿಯನ್ನು ಕತ್ತರಿಸುವ, ಮರದ ಹಲಗೆಯ ಮೇಲೆ ಹೆಸರು ಕೊರೆಯುವ ಯಂತ್ರವನ್ನು ಇಂದು ಸಣ್ಣ ಪಟ್ಟಣಗಳ ಅಂಗಡಿಗಳಲ್ಲಿಯೂ ಕಾಣಬಹುದು. ಅದರ ಹಿಂಬದಿಯ ಮುಚ್ಚಳವನ್ನು ತೆರೆದರೆ ತೋಳುದ್ದದ ಒಂದು ಗಾಜಿನ ನಳಿಗೆ ಕಾಣುತ್ತದೆ. ಯಂತ್ರದ ಜೀವವೆಲ್ಲ ಅದರಲ್ಲಿಯೇ. ಒಂದು ಅಂಗಡಿಯಲ್ಲಿ ಈ ನಳಿಗೆ ವರ್ಷಗಟ್ಟಲೆ ದುಡಿದರೆ, ಅದೇ ಜಾತಿಯ ಇನ್ನೊಂದು ಪಕ್ಕದ ಬೀದಿಯಲ್ಲಿ ಕೆಲವೇ ತಿಂಗಳುಗಳಲ್ಲಿ ನಿಸ್ತೇಜವಾಗುವುದುಂಟು. ಹೊಸದಕ್ಕೆ ಸಾವಿರಾರು ರೂಪಾಯಿಗಳನ್ನು ತೆರಬೇಕು. ಈ ವ್ಯತ್ಯಾಸಕ್ಕೆ ಕಾರಣವನ್ನು ನಾವು ನಳಿಗೆಯ ಒಳಗೇ ಹುಡುಕಬೇಕು.

ಈ ಬಗೆಯ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಿರ್ಮಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಎನ್. ಪಟೇಲ್ ಅವರು. ನಳಿಗೆಯಲ್ಲಿ ಇಂಗಾಲದ ಡೈಆಕ್ಸೈಡ್, ಸಾರಜನಕ, ಹೀಲಿಯಂ ಎಂಬ ಮೂರು ಅನಿಲಗಳು ಕಡಿಮೆ ಒತ್ತಡದಲ್ಲಿರುತ್ತವೆ. ವಿದ್ಯುತ್ತು ಹರಿದಾಗ ಇಲೆಕ್ಟ್ರಾನುಗಳು ಸಾರಜನಕದ ಅಣುಗಳಿಗೆ ಬಡಿದು ಅವುಗಳನ್ನು ಕಂಪಿಸುವಂತೆ ಮಾಡುತ್ತವೆ. ಸಾರಜನಕವು ಆ ಶಕ್ತಿಯನ್ನು ಇಂಗಾಲದ ಡೈಆಕ್ಸೈಡಿಗೆ ದಾಟಿಸುತ್ತದೆ. ಈ ಅಣು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯುವಾಗ 10.6 ಮೈಕ್ರಾನ್ ಅಲೆಯುದ್ದದ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೊರಸೂಸುತ್ತದೆ. ಕೆಳಗಿನ ಮೆಟ್ಟಿಲನ್ನು ಬೇಗ ಬೇಗ ಖಾಲಿ ಮಾಡುವುದು ಹೀಲಿಯಮಿನ ಕೆಲಸ; ಶಾಖವನ್ನು ಗಾಜಿನ ಗೋಡೆಗೆ ಒಯ್ಯುವುದೂ ಅದೇ. ಅನಿಲವು ಕಾದರೆ ಶಾಖದ ದೆಸೆಯಿಂದಲೇ ಕೆಳಗಿನ ಮೆಟ್ಟಿಲು ತುಂಬಿಕೊಳ್ಳುತ್ತದೆ, ಕಿರಣವು ಕುಗ್ಗುತ್ತದೆ. ಆದುದರಿಂದ ನಳಿಗೆಯ ಆರೈಕೆಯೆಂದರೆ ಮುಖ್ಯವಾಗಿ ನೀರಿನ ವಿಚಾರವೆಂದೇ ಹೇಳಬಹುದು.

ಒಂದು ಲೆಕ್ಕವನ್ನು ಮಾಡಿ ನೋಡೋಣ. 40 ವ್ಯಾಟ್ ಕಿರಣವನ್ನು ಕೊಡುವ ನಳಿಗೆ, ತಾನು ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ ಹತ್ತು ಪಾಲನ್ನು ಮಾತ್ರ ಕಿರಣವಾಗಿಸುತ್ತದೆಂದು ಇಟ್ಟುಕೊಳ್ಳಿ. ಒಳಹೋದದ್ದು 400 ವ್ಯಾಟ್. ಉಳಿದ 360 ವ್ಯಾಟ್ ಶಾಖವೇ. ಒಂದು ಗಂಟೆಯಲ್ಲಿ ಇದು ಸುಮಾರು 13 ಲಕ್ಷ ಜೂಲ್ ಆಗುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4,190 ಜೂಲ್ ಬೇಕಷ್ಟೆ. ಆದ್ದರಿಂದ 15 ಲೀಟರಿನ ಒಂದು ಬಕೆಟ್ಟಿನಲ್ಲಿ ಪಂಪನ್ನಿಟ್ಟು ಬಿಡದೆ ದುಡಿಸಿದರೆ, ಸುತ್ತಲ ಗಾಳಿಗೆ ಹೋಗುವ ಶಾಖವನ್ನು ಬಿಟ್ಟು ಎಣಿಸಿದಲ್ಲಿ, ನೀರು ಗಂಟೆಗೆ 20 ಡಿಗ್ರಿಯಷ್ಟು ಏರುತ್ತದೆ. ಬೆಳಿಗ್ಗೆ 25 ಡಿಗ್ರಿಯಿದ್ದ ನೀರು ಹತ್ತು ಗಂಟೆಯ ಹೊತ್ತಿಗೆ ಸ್ನಾನದ ನೀರಾಗಿರುತ್ತದೆ! ಬಕೆಟ್ಟನ್ನೇ ನಂಬಿದವರ ನಳಿಗೆ ಬೇಗ ಕೆಡುವುದರಲ್ಲಿ ಆಶ್ಚರ್ಯವಿಲ್ಲ. ನೀರನ್ನು ತಣಿಸುವ ಯಂತ್ರವೊಂದು ಬೇಕು.

ಹಾಗೆಂದು ತೀರ ತಣ್ಣಗೆ ಮಾಡುವುದೂ ತಪ್ಪು. ಬೆಂಗಳೂರಿನ ಬೇಸಿಗೆಯಲ್ಲಿ ಗಾಳಿ 34 ಡಿಗ್ರಿಯಿದ್ದು ತೇವಾಂಶ ನೂರಕ್ಕೆ 30 ಇದ್ದರೆ, ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 14 ಡಿಗ್ರಿ. 20 ಡಿಗ್ರಿಯ ನೀರಿನಿಂದ ಯಾವ ತೊಂದರೆಯೂ ಇಲ್ಲ. ಮಂಗಳೂರಿನ ಮಳೆಗಾಲದಲ್ಲಿ 28 ಡಿಗ್ರಿಯ ಗಾಳಿಗೆ 90ರಷ್ಟು ತೇವಾಂಶವಿದ್ದರೆ ಅದು 26 ಡಿಗ್ರಿಯಾಗುತ್ತದೆ. ಅಲ್ಲಿ ಅದೇ 20 ಡಿಗ್ರಿಯ ನೀರನ್ನು ಹರಿಸಿದರೆ, ತಣ್ಣೀರಿನ ಚೊಂಬು ಬೆವರುವಂತೆ ನಳಿಗೆಯೂ ಬೆವರುತ್ತದೆ. ಅದರ ಒಂದು ತುದಿಯಲ್ಲಿರುವುದು ಸುಮಾರು 15,000 ವೋಲ್ಟ್. ಒದ್ದೆ ಗಾಜಿನ ಮೇಲೆ ಕಿಡಿ ಹಾರಲು ಇನ್ನೇನು ಬೇಕು? ಕರಾವಳಿಯವರು ನೀರನ್ನು ತಣಿಸುವುದರ ಜೊತೆಗೆ ಕೋಣೆಯ ತೇವವನ್ನೂ ತೆಗೆಯಬೇಕಾಗುತ್ತದೆ.

ಕೊಳವೆಬಾವಿಯ ನೀರು ಸಲ್ಲದು; ಅದರ ಸುಣ್ಣವು ಒಳಗೋಡೆಗೆ ಹತ್ತಿ ಶಾಖಕ್ಕೆ ತಡೆಯಾಗುತ್ತದೆ, ಲವಣಗಳು ವಿದ್ಯುತ್ತನ್ನು ಸೋರಗೊಡುತ್ತವೆ. ಬಟ್ಟಿ ಇಳಿಸಿದ ನೀರನ್ನೇ ಬಳಸತಕ್ಕದ್ದು. ನೀರಿನಲ್ಲಿ ಗಾಳಿಯ ಗುಳ್ಳೆ ನಿಂತರೆ ಆ ಸ್ಥಳದಲ್ಲಿ ಗಾಜು ಕಾದು ಬಿರಿಯಬಹುದು. ನೀರು ಕೆಳಗಿನ ಬಾಯಿಯಿಂದ ಒಳಹೊಕ್ಕು ಮೇಲಿನ ಬಾಯಿಯಿಂದ ಹೊರಬರುವಂತೆ ನಳಿಗೆಯನ್ನು ತಿರುಗಿಸಿ ಕೂರಿಸಿದರೆ ಗುಳ್ಳೆಗಳು ತಾವಾಗಿಯೇ ಹೊರಟುಹೋಗುತ್ತವೆ.

ಇನ್ನು ವಿದ್ಯುತ್ತಿನ ಮಾತು. ಪ್ರವಾಹವನ್ನು ಹೆಚ್ಚಿಸಿದಷ್ಟೂ ಕಿರಣವು ಹೆಚ್ಚುತ್ತದೆಂದು ಹಲವರು ತಿಳಿದಿದ್ದಾರೆ. ಒಂದು ಮಿತಿಯವರೆಗೆ ಅದು ನಿಜ. ಮಿತಿ ದಾಟಿದ ಮೇಲೆ ಅನಿಲ ಕಾದು ಕಿರಣವು ಇಳಿಯುತ್ತದೆ. ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಇಲೆಕ್ಟ್ರಾನುಗಳ ಹೊಡೆತಕ್ಕೆ ಇಂಗಾಲದ ಡೈಆಕ್ಸೈಡ್ ಒಡೆದು ಇಂಗಾಲದ ಮಾನಾಕ್ಸೈಡ್ ಮತ್ತು ಆಮ್ಲಜನಕಗಳಾಗುತ್ತದೆ. ಇವುಗಳಲ್ಲಿ ಒಂದಂಶ ಮತ್ತೆ ಕೂಡಿಕೊಳ್ಳುತ್ತದೆ; ಉಳಿದ ಆಮ್ಲಜನಕವು ಲೋಹದ ವಿದ್ಯುದ್ವಾರಗಳಿಗೆ ತುಕ್ಕು ಹಿಡಿಸುತ್ತದೆ. ವಿದ್ಯುದ್ವಾರದಿಂದ ಸಿಡಿದ ಲೋಹದ ಕಣಗಳು ಗಾಜಿಗೆ ಅಂಟಿ ಅನಿಲವನ್ನೂ ಹೀರಿಕೊಳ್ಳುತ್ತವೆ. ಮುಚ್ಚಿದ ನಳಿಗೆಗೆ ಹೊಸ ಅನಿಲವನ್ನು ತುಂಬುವಂತಿಲ್ಲ. ಆದ್ದರಿಂದ ಪ್ರವಾಹವನ್ನು ಮಿಲಿಆಂಪಿಯರ್ ಮಾಪಕದಲ್ಲಿ ನೋಡಿಕೊಂಡು ತಯಾರಕರ ಮಿತಿಗಿಂತ ಸಾಕಷ್ಟು ಕೆಳಗೇ ಇಡುವುದು ಲೇಸು. ದಪ್ಪ ಹಲಗೆಯನ್ನು ಒಂದೇ ಸಲಕ್ಕೆ ಕತ್ತರಿಸುವ ಆತುರಕ್ಕಿಂತ ಎರಡು ಸಲ ಓಡಿಸುವ ತಾಳ್ಮೆ ಅಗ್ಗವಾದುದು.

ಅಗ್ಗಕ್ಕೆ ಸಿಕ್ಕಿತೆಂದು ಎರಡು ನಳಿಗೆ ಕೊಂಡು ಒಂದನ್ನು ಪೆಟ್ಟಿಗೆಯಲ್ಲಿಡುವವರೂ ಇದ್ದಾರೆ. ಹೀಲಿಯಂ ಅತಿ ಸಣ್ಣ ಪರಮಾಣು. ಗಾಜಿನ ಮೂಲಕವೂ ಅದು ನಿಧಾನವಾಗಿ ನುಸುಳಿಹೋಗುತ್ತದೆ. ಬಳಸದೆ ಇಟ್ಟ ನಳಿಗೆಗೂ ಮುಪ್ಪು ತಪ್ಪಿದ್ದಲ್ಲ.

ಕಿರಣ ಹೊರಬೀಳುವ ಕಿಟಕಿಯ ಮೇಲೆ ಹೊಗೆಯ ಮಸಿ ಕೂತರೆ ಅದು ಕಿರಣವನ್ನು ಹೀರಿ ಕಾಯುತ್ತದೆ, ಕಿಟಕಿ ಬಿರುಕು ಬಿಡುತ್ತದೆ. ನಳಿಗೆ ಆರಿದ ಮೇಲೆ ಶುದ್ಧ ಆಲ್ಕೋಹಾಲಿನಲ್ಲಿ ಅದ್ದಿದ ಮೆದು ಕಾಗದದಿಂದ ಒರೆಸಬೇಕು. ಇದಕ್ಕಾಗಿ ಮುಚ್ಚಳ ತೆರೆಯುವ ವಿದ್ಯಾರ್ಥಿಗಳು ಒಂದನ್ನು ಮರೆಯಬಾರದು. ಗುಂಡಿಯನ್ನು ಆರಿಸಿದ ಬಳಿಕವೂ ವಿದ್ಯುತ್ ಪೆಟ್ಟಿಗೆಯ ಧಾರಕಗಳಲ್ಲಿ ಪ್ರಾಣಾಂತಿಕವಾದ ಆವೇಶ ಉಳಿದಿರಬಹುದು. ಬಲ್ಲವರೊಬ್ಬರು ಜೊತೆಯಲ್ಲಿಲ್ಲದೆ ತಂತಿಗಳ ಬಳಿಗೆ ಕೈ ಒಯ್ಯಲೇಬಾರದು. ಕಾಣದ ಕಿರಣವು ಕಣ್ಣಿನ ಹೊರಪೊರೆಯನ್ನು ಕ್ಷಣದಲ್ಲಿ ಸುಡಬಲ್ಲದಾದ್ದರಿಂದ ಮುಚ್ಚಳ ತೆರೆದಿರುವಾಗ ಯಂತ್ರವನ್ನು ನಡೆಸಲೂ ಬಾರದು.

ನಳಿಗೆಯ ಆರೋಗ್ಯವನ್ನು ಅಳೆಯಲು ದುಬಾರಿ ಮಾಪಕವೇ ಬೇಕೆಂದಿಲ್ಲ. ತಿಂಗಳಿಗೊಮ್ಮೆ ಒಂದೇ ಬಗೆಯ ಹಲಗೆಯ ಮೇಲೆ, ಒಂದೇ ವೇಗ, ಒಂದೇ ಪ್ರವಾಹದಲ್ಲಿ ಒಂದು ಗೀಟನ್ನು ಕೊರೆದು, ಅದರ ಆಳವನ್ನೂ ಅಂದಿನ ನೀರಿನ ಉಷ್ಣತೆಯನ್ನೂ ಪುಸ್ತಕದಲ್ಲಿ ಬರೆದಿಡಬಹುದು. ಆಳ ಇಳಿಯುತ್ತ ಬಂದರೆ ಮೊದಲು ಕನ್ನಡಿ, ಮಸೂರಗಳನ್ನು ಒರೆಸಿ ನೋಡಬೇಕು; ದೋಷ ಎಷ್ಟೋ ಸಲ ಅಲ್ಲಿಯೇ ಇರುತ್ತದೆ. ಅವು ಶುಭ್ರವಾಗಿದ್ದೂ ಗೀಟು ತೆಳುವಾಗಿಯೇ ಉಳಿದರೆ, ನಳಿಗೆಯೊಳಗಿನ ನಸುಗೆಂಪು ನೇರಿಳೆಯ ಹೊಳಪು ಬಿಳಿಚಿಕೊಂಡಿದ್ದರೆ, ಹೊಸ ನಳಿಗೆಗೆ ಹಣ ಕೂಡಿಸತೊಡಗಬಹುದು.