ಕಡಲು ಏರಿತೋ, ಮರಳು ಹೋಯಿತೋ?

ಕಡಲ್ಕೊರೆತ ಮತ್ತು ಸಮುದ್ರ ಮಟ್ಟದ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಏಳನ್ನು ಆಯ್ದು ಕರಾವಳಿ ಎಂಜಿನಿಯರ್ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಮನೆ ಎದುರಿನ ತೆಂಗಿನ ಮರಗಳು ಒಂದೊಂದಾಗಿ ಕಡಲು ಪಾಲಾದವು. ಭೂಮಿ ಬಿಸಿಯಾಗಿ ಸಮುದ್ರ ಏರುತ್ತಿದೆ ಎಂದು ಟಿ.ವಿ.ಯವರು ಹೇಳುತ್ತಾರೆ. ಅಳಿವೆ ಬಾಗಿಲಿಗೆ ಕಲ್ಲಿನ ದಂಡೆ ಕಟ್ಟಿದ್ದರಿಂದ ಹೀಗಾಯಿತು ಎಂದು ಊರಿನ ಹಿರಿಯರು ಹೇಳುತ್ತಾರೆ. ಯಾರ ಮಾತು ನಂಬಲಿ?
— ಗೃಹಿಣಿ, ಉಳ್ಳಾಲ

ಉತ್ತರ: ಅಮ್ಮಾ, ಎರಡೂ ನಿಜ. ಆದರೆ ನಿಮ್ಮ ತೆಂಗಿನ ಮರಗಳ ಮಟ್ಟಿಗೆ ಹಿರಿಯರ ಮಾತೇ ಹೆಚ್ಚು ತೂಗುತ್ತದೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ, 1993ರಿಂದ 2017ರವರೆಗೆ ಉತ್ತರ ಹಿಂದೂ ಮಹಾಸಾಗರದ ಮಟ್ಟ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್‌ನಂತೆ ಏರಿದೆ. ಇಪ್ಪತ್ತೈದು ವರ್ಷಕ್ಕೆ ಅದು ಎಂಟು ಸೆಂಟಿಮೀಟರ್. ಪ್ರತಿ 50 ಮೀಟರಿಗೆ 1 ಮೀಟರ್ ಇಳಿಯುವ ತೀರದಲ್ಲಿ ಇಷ್ಟು ಏರಿಕೆಗೆ ನೀರಿನ ಅಂಚು ನಾಲ್ಕು ಮೀಟರ್ ಒಳಗೆ ಬರಬೇಕು. ನಾಲ್ಕು ಮೀಟರ್ ದಡ ಒಂದೇ ಮಳೆಗಾಲದಲ್ಲಿ ಕೊಚ್ಚಿಹೋಗುವುದನ್ನು ನೀವೇ ಕಂಡಿದ್ದೀರಿ.

ಮಿಕ್ಕ ಲೆಕ್ಕವೆಲ್ಲ ಮರಳಿನದು. ಅಲೆಗಳು ಓರೆಯಾಗಿ ದಡಕ್ಕೆ ಬಡಿಯುವಾಗ ಮರಳು ತೀರದ ಉದ್ದಕ್ಕೂ ಸಾಗುತ್ತಿರುತ್ತದೆ. ನೇತ್ರಾವತಿ–ಗುರುಪುರ ನದಿಗಳ ಅಳಿವೆಯಲ್ಲಿ ದೋಣಿಗಳ ದಾರಿ ಮುಚ್ಚದಿರಲೆಂದು ಕಟ್ಟಿದ ಬ್ರೇಕ್‌ವಾಟರ್‌ಗಳು ಆ ಸಂಚಾರಕ್ಕೆ ಅಡ್ಡ ನಿಂತಿವೆ. ಮೇಲಿನಿಂದ ನದಿ ತರುವ ಮರಳನ್ನು ಅಣೆಕಟ್ಟು ಮತ್ತು ಮರಳುಗಾರಿಕೆ ಕಡಿಮೆ ಮಾಡಿವೆ. ಬರುವುದು ನಿಂತು ಹೋಗುವುದು ಮುಂದುವರಿದರೆ ದಡ ಕರಗದೆ ಇನ್ನೇನಾದೀತು? ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಎದುರು ನೀರಿನಡಿ ದಿಬ್ಬಗಳನ್ನು ಕಟ್ಟಿದ್ದು ಅಲೆಯ ಹೊಡೆತವನ್ನು ದಡಕ್ಕೆ ಬರುವ ಮುಂಚೆಯೇ ತಗ್ಗಿಸಲೆಂದು.

ಹಾಗೆಂದು ಸಮುದ್ರ ಏರುತ್ತಿರುವುದನ್ನು ಕಡೆಗಣಿಸುವಂತಿಲ್ಲ. ಮರಳು ಕಳೆದುಕೊಂಡು ಸೋತ ದಡಕ್ಕೆ ಅಪ್ಪಳಿಸುವ ಪ್ರತಿಯೊಂದು ತೂಫಾನೂ ಈಗ ಮೊದಲಿಗಿಂತ ಎಂಟು ಸೆಂಟಿಮೀಟರ್ ಎತ್ತರದಿಂದ ಹೊರಡುತ್ತದೆ.

ಪ್ರಶ್ನೆ: ಮಳೆಗಾಲದ ಆಟಿ ತಿಂಗಳಲ್ಲಿ ಕಡಲು ರಸ್ತೆಯವರೆಗೂ ಬರುತ್ತದೆ. ಆಗ ಸಮುದ್ರದ ಮಟ್ಟ ಬೇಸಿಗೆಗಿಂತ ಎಷ್ಟು ಏರಿರುತ್ತದೆ?
— ನಾಡದೋಣಿ ಮೀನುಗಾರ, ಕಾಪು

ಉತ್ತರ: ಏರಿರುವುದಿಲ್ಲ, ಇಳಿದಿರುತ್ತದೆ! ಅಲೆಗಳನ್ನು ಬದಿಗಿಟ್ಟು ತಿಂಗಳ ಸರಾಸರಿ ತೆಗೆದರೆ, ನಮ್ಮ ಪಶ್ಚಿಮ ಕರಾವಳಿಯಲ್ಲಿ ನೀರಿನ ಮಟ್ಟ ಅತಿ ಕಡಿಮೆ ಇರುವುದು ಮಳೆಗಾಲದಲ್ಲಿ, ಹೆಚ್ಚಿರುವುದು ಚಳಿಗಾಲದಲ್ಲಿ. ಮುಂಗಾರಿನಲ್ಲಿ ತೀರದ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಮೇಲಿನ ಬೆಚ್ಚನೆಯ ನೀರು ತೀರದಿಂದ ಆಚೆ ಸರಿದು ಕೆಳಗಿನ ತಣ್ಣನೆಯ ನೀರು ಮೇಲೇಳುತ್ತದೆ. ಆ ತಣ್ಣೀರು ತರುವ ಸತ್ವದಿಂದಲೇ ಬೂತಾಯಿ, ಬಂಗುಡೆಗಳಿಗೆ ಮೇವು ಸಿಗುವುದು. ಚಳಿಗಾಲಕ್ಕೆ ಪ್ರವಾಹ ಉತ್ತರಕ್ಕೆ ತಿರುಗಿದಾಗ ತೀರದ ನೀರು ಮತ್ತೆ ಏರುತ್ತದೆ.

ರಸ್ತೆಗೆ ಬರುವುದು ಅಲೆ. ಮಳೆಗಾಲದ ದೊಡ್ಡ ಅಲೆ ದಡದ ಮರಳನ್ನು ಎಳೆದು ಸ್ವಲ್ಪ ಆಚೆ ನೀರಿನಡಿ ದಿಬ್ಬ ಹಾಕುತ್ತದೆ. ದೀಪಾವಳಿ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನೇ ಮೆಲ್ಲಗೆ ಹಿಂದಕ್ಕೆ ತರುತ್ತವೆ. ಹಾಗಾಗಿ ಜುಲೈಯಲ್ಲಿ ತೆಗೆದ ಒಂದು ಫೋಟೊ ನೋಡಿ ದಡ ಹೋಯಿತು ಎನ್ನುವುದೂ ತಪ್ಪು, ಫೆಬ್ರುವರಿಯಲ್ಲಿ ನೋಡಿ ಏನೂ ಆಗಿಲ್ಲ ಎನ್ನುವುದೂ ತಪ್ಪು. ಈ ವರ್ಷದ ಫೆಬ್ರುವರಿಯನ್ನು ಹೋದ ವರ್ಷದ ಫೆಬ್ರುವರಿಯ ಜೊತೆಗೇ ಹೋಲಿಸಬೇಕು.

ಪ್ರಶ್ನೆ: ಎರಡು ಮೀಟರ್ ಏರಿಳಿಯುವ ಸಮುದ್ರದಲ್ಲಿ ಮೂರು ಮಿಲಿಮೀಟರ್ ವ್ಯತ್ಯಾಸವನ್ನು ಅಳೆಯುವುದು ಹೇಗೆ ಸಾಧ್ಯ?
— ಪದವಿ ವಿದ್ಯಾರ್ಥಿನಿ, ಕಾರವಾರ

ಉತ್ತರ: ಒಂದು ದಿನದ ಅಳತೆಯಿಂದ ಸಾಧ್ಯವಿಲ್ಲ, ಹಲವು ವರ್ಷಗಳ ಅಳತೆ ಬೇಕು. ಹಳೆಯ ಪದ್ಧತಿ ಹೀಗಿದೆ: ಬಂದರಿನ ಧಕ್ಕೆಯಲ್ಲಿ ನೇರವಾಗಿ ನಿಲ್ಲಿಸಿದ ದೊಡ್ಡ ಕೊಳವೆ, ಅದರ ತಳದಲ್ಲಿ ಸಣ್ಣ ತೂತು. ತೂತು ಸಣ್ಣದಾದ್ದರಿಂದ ಸೆಕೆಂಡುಗಳಲ್ಲಿ ಬಂದುಹೋಗುವ ಅಲೆ ಒಳಗೆ ಸೇರುವುದಿಲ್ಲ, ಗಂಟೆಗಟ್ಟಲೆ ನಡೆಯುವ ಉಬ್ಬರ ಇಳಿತ ಮಾತ್ರ ಸೇರುತ್ತದೆ. ಒಳಗಿನ ತೇಲುಗುಂಡು ಏರಿಳಿದಂತೆ ಮೇಲಿನ ಲೇಖನಿ ಉರುಳೆಯ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಈಗ ರಾಡಾರ್ ಉಪಕರಣ ಮೇಲಿನಿಂದಲೇ ನೀರಿಗಿರುವ ದೂರ ಅಳೆದು ಉಪಗ್ರಹದ ಮೂಲಕ ಕಳಿಸುತ್ತದೆ. 2004ರ ಸುನಾಮಿಯ ನಂತರ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಸಂಸ್ಥೆ ಇನ್‌ಕಾಯ್ಸ್ ಇಂಥ ಉಪಕರಣಗಳ ಜಾಲವನ್ನು ಬೆಳೆಸಿತು.

ಚಂದ್ರನ ಪಥದ ವಾಲುವಿಕೆ 18.6 ವರ್ಷಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಉಬ್ಬರದ ಆ ಸುತ್ತೆಲ್ಲ ಸರಾಸರಿಯಲ್ಲಿ ಕರಗಬೇಕಾದರೆ ಕನಿಷ್ಠ ಹತ್ತೊಂಬತ್ತು ವರ್ಷದ ದಾಖಲೆ ಬೇಕು. ಮುಂಬೈಯ ಅಪೊಲೊ ಬಂದರಿನಲ್ಲಿ 1878ರಿಂದ ದಾಖಲೆಯಿದೆ. ಏಷ್ಯಾದಲ್ಲಿ ಇಷ್ಟು ದೀರ್ಘ ದಾಖಲೆ ವಿರಳ.

ಇನ್ನೊಂದು ತೊಡಕಿದೆ. ಧಕ್ಕೆ ನಿಂತ ನೆಲವೇ ಕುಸಿದರೂ ಉಪಕರಣ ‘ನೀರು ಏರಿತು’ ಎಂದೇ ಹೇಳುತ್ತದೆ. ಅದಕ್ಕೇ ಪಕ್ಕದ ಗಟ್ಟಿ ಬಂಡೆಯ ಮೇಲಿನ ಗುರುತಿಗೆ ಆಗಾಗ ಲೆವೆಲ್ ಹಿಡಿಯುತ್ತಾರೆ, ಉಪಗ್ರಹ ಸ್ಥಾನಸೂಚಿಯನ್ನೂ ಇಡುತ್ತಾರೆ. 1992ರಲ್ಲಿ ಹಾರಿದ ಟೋಪೆಕ್ಸ್/ಪೊಸೈಡನ್‌ನಿಂದ ಮೊದಲಾಗಿ ಉಪಗ್ರಹಗಳು ನೆಲದ ಹಂಗಿಲ್ಲದೆ ಸಾಗರವನ್ನು ಅಳೆಯುತ್ತಿವೆ. 2013ರ ‘ಸರಳ್’ ಉಪಗ್ರಹದಲ್ಲಿ ಇಸ್ರೊ ಫ್ರಾನ್ಸಿನ ಜೊತೆ ಕೈಜೋಡಿಸಿತು. ಆದರೆ ತೀರಕ್ಕೆ ಹತ್ತಿರವಾದಂತೆ ಉಪಗ್ರಹದ ಅಳತೆ ಮಸುಕಾಗುತ್ತದೆ. ಅಲ್ಲಿ ಧಕ್ಕೆಯ ಉಪಕರಣವೇ ಗತಿ.

ಪ್ರಶ್ನೆ: ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಎತ್ತರ ಎಂದು ಬರೆದಿರುತ್ತದೆ. ಸಮುದ್ರ ಏರಿದರೆ ಫಲಕ ಬದಲಿಸುತ್ತಾರೆಯೇ?
— ನಿವೃತ್ತ ರೈಲ್ವೆ ನೌಕರರು, ಹುಬ್ಬಳ್ಳಿ

ಉತ್ತರ: ಬದಲಿಸುವುದಿಲ್ಲ. ಒಂಬತ್ತು ಬಂದರುಗಳಲ್ಲಿ ಅಳೆದ ಸರಾಸರಿ ಮಟ್ಟಕ್ಕೆ ಇಡೀ ದೇಶದ ಲೆವೆಲ್ ಜಾಲವನ್ನು ಕಟ್ಟಿ ಸರ್ವೆ ಆಫ್ ಇಂಡಿಯಾ 1909ರಲ್ಲಿ ಅದನ್ನು ಸ್ಥಿರಗೊಳಿಸಿತು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಫಲಕದ ಸೊನ್ನೆ ಆ ಕಾಲದ ಸಮುದ್ರದ್ದೇ ಹೊರತು ಇಂದಿನದಲ್ಲ. ಹುಬ್ಬಳ್ಳಿಗೆ ಇದರಿಂದ ಬಾಧಕವಿಲ್ಲ. ಆದರೆ ಕಡಲ ಬದಿಯ ಮೋರಿ, ಸೇತುವೆ, ಧಕ್ಕೆ ಕಟ್ಟುವವರು ಹಳೆಯ ಸೊನ್ನೆಯನ್ನೇ ಇಂದಿನ ನೀರಿನ ಮಟ್ಟವೆಂದು ಹಿಡಿದರೆ ಕಷ್ಟ.

ಪ್ರಶ್ನೆ: ಮಳೆಯಿಲ್ಲ, ಗಾಳಿಯಿಲ್ಲ, ಸುಡುವ ಬಿಸಿಲು. ಇದ್ದಕ್ಕಿದ್ದಂತೆ ಕಡಲು ಉಕ್ಕಿ ದೋಣಿ, ಬಲೆ ಎಲ್ಲ ಒದ್ದೆ. ಇದು ಉಬ್ಬರವೋ, ಸುನಾಮಿಯೋ?
— ಅಂಗಡಿಕಾರರು, ಸೋಮೇಶ್ವರ

ಉತ್ತರ: ಎರಡೂ ಅಲ್ಲ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ದಿನಗಳ ಮೇಲೆ ಇಲ್ಲಿಗೆ ತಲುಪುತ್ತವೆ. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಬಹಳ ಅಂತರವಿರುವುದರಿಂದ ಎತ್ತರ ಕಡಿಮೆಯಿದ್ದರೂ ದೂರದವರೆಗೆ ನುಗ್ಗುತ್ತವೆ. ಕೇರಳದಲ್ಲಿ ಇದನ್ನು ಕಲ್ಲಕ್ಕಡಲ್ ಎಂದು ಕರೆಯುತ್ತಾರೆ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರದ ಹೊತ್ತಿಗೇ ಬಂದರೆ ಹಾನಿ ಹೆಚ್ಚು. ಧಕ್ಕೆಯ ಕೊಳವೆ ಅಲೆಯನ್ನು ತಡೆಯುವುದರಿಂದ ಅದರಲ್ಲಿ ಇದು ಸರಿಯಾಗಿ ಕಾಣದು. ಆಳದಲ್ಲಿ ಲಂಗರು ಹಾಕಿದ ಅಲೆಮಾಪಕ ತೇಲುಬುರುಡೆ ಬೇಕು. ಕಾರವಾರದ ಎದುರಿಗೂ ಇನ್‌ಕಾಯ್ಸ್ ಅಂಥದ್ದನ್ನು ಇಟ್ಟಿದೆ. ಅಲೆ ಹೊರಟ ಜಾಗ ದೂರವಿರುವುದೇ ನಮಗೆ ಅನುಕೂಲ. ಎಚ್ಚರಿಕೆ ಮುಂಚಿತವಾಗಿಯೇ ಬರುತ್ತದೆ. ಅದು ಬಂದ ದಿನ ಆಕಾಶ ತಿಳಿಯಾಗಿದೆಯೆಂದು ಸುಮ್ಮನಿರದೆ ದೋಣಿಗಳನ್ನು ಮೇಲಕ್ಕೆಳೆಯಿರಿ.

ಪ್ರಶ್ನೆ: ಊರಿನಲ್ಲಿ ಕಡಲಿಗೆ ಹತ್ತಿರ ಹತ್ತು ಸೆಂಟ್ಸ್ ಜಾಗ ಮಾರಾಟಕ್ಕಿದೆ. ‘ಸಿಆರ್‌ಝಡ್ ಸಮಸ್ಯೆ ಇಲ್ಲ’ ಎನ್ನುತ್ತಾರೆ ದಲ್ಲಾಳಿ. ತೆಗೆದುಕೊಳ್ಳಬಹುದೇ?
— ಕುಂದಾಪುರ ಮೂಲದವರು, ಮುಂಬೈ

ಉತ್ತರ: ದಲ್ಲಾಳಿಯ ಮಾತು ಬಿಡಿ, ನಕ್ಷೆ ನೋಡಿ. ಹುಣ್ಣಿಮೆ–ಅಮಾವಾಸ್ಯೆಯ ದೊಡ್ಡ ಉಬ್ಬರ ತಲುಪುವ ಗೆರೆಯಿಂದ 500 ಮೀಟರ್‌ವರೆಗೆ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್). 2019ರ ಅಧಿಸೂಚನೆಯ ಪ್ರಕಾರ ಗ್ರಾಮೀಣ ಭಾಗದಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವಲ್ಲಿ ಮೊದಲ 50 ಮೀಟರ್, ಉಳಿದೆಡೆ 200 ಮೀಟರ್ ಅಭಿವೃದ್ಧಿ ನಿಷಿದ್ಧ. ಉಪ್ಪುನೀರು ಏರಿಳಿಯುವ ಹೊಳೆಯ ದಂಡೆಗೂ ಬೇರೆ ನಿಯಮವಿದೆ. ಸರ್ವೆ ನಂಬರ್ ಹಿಡಿದು ರಾಜ್ಯದ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ನಿಮ್ಮ ಜಾಗ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ.

ಅಷ್ಟಕ್ಕೇ ನಿಲ್ಲಬೇಡಿ. ಅಲೆ, ಉಬ್ಬರ, ಸಮುದ್ರ ಮಟ್ಟದ ಏರಿಕೆ, ದಡದ ಸವೆತ ಎಲ್ಲ ಸೇರಿಸಿ ಎಳೆದ ‘ಅಪಾಯದ ಗೆರೆ’ ಬೇರೆಯೇ ಇದೆ. 2019ರ ನಿಯಮದಲ್ಲಿ ಅದು ವಿಪತ್ತು ನಿರ್ವಹಣೆಯ ಸಾಧನವೇ ಹೊರತು ಕಟ್ಟಡ ನಿರ್ಬಂಧಕ್ಕೆ ಆಧಾರವಲ್ಲ. ಎಂದರೆ, ಕಾನೂನು ಒಪ್ಪಿದ ಜಾಗವನ್ನು ಕಡಲು ಒಪ್ಪದೆ ಇರಬಹುದು. ಹೊಗೆ ಉಗುಳುವುದು ಎಷ್ಟು ತಗ್ಗುತ್ತದೆ ಎಂಬುದರ ಮೇಲೆ 2100ರ ಹೊತ್ತಿಗೆ ಜಾಗತಿಕ ಸರಾಸರಿ ಸಮುದ್ರ ಮಟ್ಟ ಸುಮಾರು 0.28ರಿಂದ 1.01 ಮೀಟರ್ ಏರೀತು ಎಂದು ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯ (ಐಪಿಸಿಸಿ) 2021ರ ವರದಿ ಅಂದಾಜಿಸಿದೆ. ಮೊಮ್ಮಕ್ಕಳ ಕಾಲಕ್ಕೂ ಮನೆ ಇರಬೇಕು ಎಂದಾದರೆ ಎರಡೂ ಗೆರೆಗಳ ಆಚೆಗೆ ಜಾಗ ನೋಡಿ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಕಡಲ್ಕೊರೆತ ಶುರುವಾಗಿದೆ. ಜನ ಕಲ್ಲು ಹಾಕಿಸಿ ಎಂದು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?
— ಗ್ರಾಮ ಪಂಚಾಯಿತಿ ಸದಸ್ಯರು, ಬೈಂದೂರು ತಾಲ್ಲೂಕು

ಉತ್ತರ: ಮನೆಯೇ ಬೀಳುವಂತಿದ್ದರೆ ಕಲ್ಲು ಹಾಕಲೇಬೇಕು, ಅದಕ್ಕೆ ತಕರಾರಿಲ್ಲ. ಆದರೆ ಕಲ್ಲು ಮರಳನ್ನು ತಂದುಕೊಡುವುದಿಲ್ಲ. ಗೋಡೆಗೆ ಬಡಿದ ಅಲೆ ಅದರ ಬುಡವನ್ನೇ ಕೆದಕುತ್ತದೆ, ಗೋಡೆ ಮುಗಿದಲ್ಲಿ ಪಕ್ಕದ ದಡವನ್ನು ಕೊರೆಯುತ್ತದೆ. ಇಂದು ನಿಮ್ಮ ವಾರ್ಡಿನ ಅರ್ಜಿ, ನಾಳೆ ಪಕ್ಕದ ವಾರ್ಡಿನದು. ಬೈಂದೂರಿನಿಂದ ಮರವಂತೆಗೆ ಹೋಗಿಬಂದರೆ ಕಲ್ಲಿನ ರಾಶಿಗಳು ನಿಮಗೇ ಕಾಣಿಸುತ್ತವೆ.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದಾಗ ದೇಶದ ಮುಖ್ಯಭೂಮಿಯ ತೀರದಲ್ಲಿ ಸುಮಾರು ಮೂರನೇ ಒಂದು ಭಾಗ ಸವೆಯುತ್ತಿತ್ತು, ಕಾಲು ಭಾಗಕ್ಕಿಂತ ತುಸು ಹೆಚ್ಚು ಬೆಳೆಯುತ್ತಿತ್ತು. ನಿಮ್ಮ ದಡ ಯಾವ ಪಾಲಿಗೆ ಸೇರಿದೆ ಎಂದು ಮೊದಲು ಆ ನಕ್ಷೆಯಲ್ಲಿ ಹುಡುಕಿ. ಆಮೇಲೆ ಒಂದು ಗಟ್ಟಿ ಕಂಬ ನೆಟ್ಟು, ಮೇ ಕೊನೆಗೆ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಅಲ್ಲಿಂದ ನೀರಿನಂಚಿಗೆ ಟೇಪು ಹಿಡಿಸಿ. ಪ್ರತಿಸಲವೂ ಇಳಿತದ ಹೊತ್ತೇ ಆಗಿರಲಿ. ಅದೇ ಜಾಗದಿಂದ ಅದೇ ದಿಕ್ಕಿಗೆ ಒಂದು ಫೋಟೊ ತೆಗೆಯಿರಿ. ಹೈಸ್ಕೂಲಿನ ಮಕ್ಕಳಿಂದಲೂ ಆಗುವ ಕೆಲಸವಿದು. ಮೂರು ವರ್ಷದ ಇಂಥ ಪಟ್ಟಿ ಕೈಯಲ್ಲಿದ್ದರೆ ಸುರತ್ಕಲ್ಲಿನ ಎನ್‌ಐಟಿಕೆಯಂಥ ಕಡೆ ಕರಾವಳಿ ಬಲ್ಲವರು ಹೋದ ಮರಳು ಮರಳಿ ಬರುವಂಥದೋ ಅಲ್ಲವೋ ಎಂದು ಓದಿ ಹೇಳಬಲ್ಲರು. ಬರುವಂಥದಾದರೆ ದಡದ ಬಳ್ಳಿಗಳನ್ನೂ ಮರಳಿನ ದಿಬ್ಬವನ್ನೂ ಮುಟ್ಟದೆ ಬಿಟ್ಟರೆ ಸಾಕು, ಕಲ್ಲಿಗೆ ಸುರಿಯುವ ಕೋಟಿಗಟ್ಟಲೆ ಹಣ ಉಳಿಯುತ್ತದೆ. ಬಾರದಂಥದಾದರೆ ಇಲಾಖೆಯ ಮುಂದೆ ದಡದಿಂದ ಕಡಲಿಗೆ ಚಾಚುವ ಅಡ್ಡಗೋಡೆ (ಗ್ರೋಯಿನ್) ಬೇಕೋ, ಬಂದರಿನಲ್ಲಿ ಹೂಳೆತ್ತಿದ ಮರಳನ್ನು ನಮ್ಮ ದಡಕ್ಕೆ ಸುರಿಯಬೇಕೋ ಎಂದು ಕೇಳಲು ನಿಮ್ಮ ಬಳಿ ಲೆಕ್ಕವಿರುತ್ತದೆ. ಬರಿಗೈಯಲ್ಲಿ ಹೋದವರಿಗೆ ಸಿಗುವುದು ಕಲ್ಲು ಮಾತ್ರ.