ಭೂಮಿಯ ಮೇಲೆ ಸೂರ್ಯನ ಒಲೆ: ಎಷ್ಟು ಹತ್ತಿರ, ಎಷ್ಟು ದೂರ?

ಮಕ್ಕಳೇ, 2021ರ ಫೆಬ್ರವರಿ ನಿಮ್ಮಲ್ಲಿ ದೊಡ್ಡವರಿಗೆ ನೆನಪಿರಬಹುದು. ಚಿಕ್ಕವರು ಅಪ್ಪ-ಅಮ್ಮನನ್ನು ಕೇಳಿ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಕಡೆ ಕೊರೆಯುವ ಚಳಿ, ಕರೆಂಟ್ ಇಲ್ಲ. ಟೆಕ್ಸಾಸ್‌ನಲ್ಲಿ 45 ಲಕ್ಷದಷ್ಟು ಮನೆಗಳು ಕತ್ತಲಲ್ಲಿ ಕೂತವು, 200ಕ್ಕೂ ಹೆಚ್ಚು ಜನ ಸತ್ತರು. ಕರೆಂಟ್ ಅಂದರೆ ಟಿವಿ, ಐಪ್ಯಾಡ್ ಅಷ್ಟೇ ಅಲ್ಲ, ಪ್ರಾಣದ ವಿಷಯ. ಹಾಗಾಗಿ "ಎಂದೂ ಮುಗಿಯದ, ಹೊಗೆಯಿಲ್ಲದ ವಿದ್ಯುತ್" ಅಂತ ಯಾರಾದರೂ ಹೇಳಿದರೆ ಕಿವಿ ನಿಮಿರುವುದು ಸಹಜ. ಅಂಥ ಒಂದು ಭರವಸೆಯ ಹೆಸರು ಬೈಜಿಕ ಸಮ್ಮಿಲನ, ಅಂದರೆ ನ್ಯೂಕ್ಲಿಯರ್ ಫ್ಯೂಷನ್.

ಅಣು ವಿದ್ಯುತ್ ಈಗಾಗಲೇ ಇದೆಯಲ್ಲ ಅಂತೀರಾ? ಇದೆ. ಡಲ್ಲಾಸ್ ಕಡೆಯವರಿಗೆ ಗ್ಲೆನ್ ರೋಸ್ ಹತ್ತಿರದ ಕಮಾಂಚಿ ಪೀಕ್, ಹ್ಯೂಸ್ಟನ್ ಕಡೆಯವರಿಗೆ ಬೇ ಸಿಟಿ ಹತ್ತಿರದ ಸೌತ್ ಟೆಕ್ಸಾಸ್ ಪ್ರಾಜೆಕ್ಟ್, ಊರಲ್ಲಿ ಉತ್ತರ ಕನ್ನಡದ ಕೈಗಾ. ಕೈಗಾದ ಒಂದನೇ ಘಟಕ 2018ರ ಕೊನೆಯ ಹೊತ್ತಿಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತ್ತು! ಆದರೆ ಇವೆಲ್ಲ ಯುರೇನಿಯಂನಂಥ ದೊಡ್ಡ ಪರಮಾಣು ಬೀಜವನ್ನು ಒಡೆಯುವ ಸ್ಥಾವರಗಳು. ಅದು ವಿದಳನ. ಸಮ್ಮಿಲನ ಅದರ ತದ್ವಿರುದ್ಧ: ಪುಟ್ಟ ಬೀಜಗಳನ್ನು ಕೂಡಿಸುವುದು.

ಜಲಜನಕಕ್ಕೆ ಸ್ವಲ್ಪ ತೂಕ ಜಾಸ್ತಿ ಇರುವ ಇಬ್ಬರು ಅಣ್ಣಂದಿರಿದ್ದಾರೆ, ಡ್ಯುಟೀರಿಯಂ ಮತ್ತು ಟ್ರಿಟಿಯಂ. ಇವರಿಬ್ಬರೂ ಸೇರಿದರೆ ಒಂದು ಹೀಲಿಯಂ, ಒಂದು ನ್ಯೂಟ್ರಾನ್ ಹುಟ್ಟುತ್ತವೆ. ಒಟ್ಟು ತೂಕ ಮೊದಲಿಗಿಂತ ಒಂಚೂರು ಕಡಿಮೆ. ಆ ಕಳೆದುಹೋದ ತೂಕವೇ ಶಕ್ತಿಯಾಗಿ ಹೊರಬರುತ್ತದೆ. ಡ್ಯುಟೀರಿಯಂ ಗ್ಯಾಲ್ವೆಸ್ಟನ್ ಬೀಚಿನ ನೀರಲ್ಲೂ ಇದೆ, ಸುಮಾರು 6,400 ಜಲಜನಕ ಪರಮಾಣುಗಳಿಗೆ ಒಂದರಂತೆ. ಇಲ್ಲಿ ಸರಪಳಿ ಕ್ರಿಯೆ ಇಲ್ಲ, ಏನಾದರೂ ಕೆಟ್ಟರೆ ಬೆಂಕಿ ತಾನೇ ಆರುತ್ತದೆ.

ಕಷ್ಟ ಎಲ್ಲಿ ಅಂದರೆ, ಎರಡು ಬೀಜಗಳಿಗೂ ಧನ ವಿದ್ಯುದಂಶ. ಹತ್ತಿರ ತಂದರೆ ಒಂದನ್ನೊಂದು ದೂಡುತ್ತವೆ. ಸೂರ್ಯನ ನಡುವಿನ ಶಾಖ ಸುಮಾರು 1.5 ಕೋಟಿ ಡಿಗ್ರಿ, ಜೊತೆಗೆ ಅವನ ಗುರುತ್ವದ ಭಾರೀ ಒತ್ತಡ. ಆ ಒತ್ತಡ ನಮ್ಮ ಹತ್ತಿರ ಇಲ್ಲ. ಅದಕ್ಕೆ 15 ಕೋಟಿ ಡಿಗ್ರಿಗೆ ಕಾಯಿಸಬೇಕು! ಅಷ್ಟು ಬಿಸಿಯಾದ ಪ್ಲಾಸ್ಮಾ ಯಾವ ಪಾತ್ರೆಯನ್ನೂ ಮುಟ್ಟಬಾರದು. ಉದ್ದಿನ ವಡೆ ಆಕಾರದ ಕೋಣೆ ಮಾಡಿ, ಸುತ್ತ ಆಯಸ್ಕಾಂತಗಳಿಟ್ಟು, ನಡುವೆ ತೇಲಿಸಿ ಹಿಡಿಯುತ್ತಾರೆ. ಈ ಯಂತ್ರವೇ ಟೋಕಮಾಕ್.

ನಮ್ಮ ಆಸ್ಟಿನ್‌ನಲ್ಲೂ ಒಂದಿತ್ತು ಗೊತ್ತಾ? 1980ರ ದಶಕದಲ್ಲಿ ಯೂನಿವರ್ಸಿಟಿ ಆಫ್ ಟೆಕ್ಸಾಸ್‌ನಲ್ಲಿ 'ಟೆಕ್ಸ್ಟ್' ಅನ್ನುವ ಟೋಕಮಾಕ್ ಕೆಲಸ ಮಾಡುತ್ತಿತ್ತು. ಆಮೇಲೆ ಅದು ಚೀನಾದ ವುಹಾನ್‌ಗೆ ಹೋಯಿತು, ಅಲ್ಲಿ ಅದರ ಹೆಸರು 'ಜೆ-ಟೆಕ್ಸ್ಟ್'. ಅದಕ್ಕೂ ಹಿಂದೆ, 1957ರಲ್ಲೇ, ಟೆಕ್ಸಾಸ್‌ನ ವಿದ್ಯುತ್ ಕಂಪನಿಗಳು ಒಟ್ಟಾಗಿ ಫ್ಯೂಷನ್ ಸಂಶೋಧನೆಗೆ ದುಡ್ಡು ಹಾಕಿದ್ದವು. ಆ ಕಾಲದ ಉತ್ಸಾಹವೇ ಹಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಹೋಮಿ ಭಾಭಾ ಅವರು 1955ರ ಜಿನೀವಾ ಸಮ್ಮೇಳನದಲ್ಲಿ, ಇನ್ನೆರಡು ದಶಕಗಳಲ್ಲಿ ಈ ಶಕ್ತಿಯನ್ನು ಹಿಡಿತಕ್ಕೆ ತರುವ ದಾರಿ ಸಿಗುತ್ತದೆ ಅಂದಿದ್ದರು. ಎರಡಲ್ಲ, ಆರು ದಶಕ ದಾಟಿತು.

ಹಾಗಂತ ಏನೂ ಆಗಿಲ್ಲ ಅಂತಲ್ಲ. 2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಮೆಣಸಿನ ಕಾಳಿನಷ್ಟು ಇಂಧನದ ಗುಳಿಗೆಯತ್ತ 192 ಲೇಸರ್ ಕಿರಣ ಹಾಯಿಸಿದರು. ಒಳಗೆ ಹೋಗಿದ್ದು 2.05 ಮೆಗಾಜೂಲ್, ಹೊರಬಂದಿದ್ದು 3.15. ಲಾಭ 1.1 ಮೆಗಾಜೂಲ್, ಅಂದರೆ ಸುಮಾರು ಮೂರು ಲೀಟರ್ ನೀರು ಕುದಿಸುವಷ್ಟು. ನಿಜವಾಗಿ ದೊಡ್ಡ ಸಾಧನೆ. ಆದರೆ ಪೇಪರ್‌ಗಳ ಹೆಡ್‌ಲೈನ್‌ನಲ್ಲಿ ಬರದ ಒಂದು ಸಂಖ್ಯೆ ಇದೆ: ಆ ಲೇಸರ್‌ಗಳು ಗ್ರಿಡ್‌ನಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ಮುಂದೆ ಯಾವ ಕಂಪನಿ "ಗೆದ್ದೆವು" ಅಂದರೂ ನೀವು ಕೇಳಬೇಕಾದ್ದು ಇದನ್ನೇ. ಲೆಕ್ಕ ಗುಳಿಗೆಯದ್ದೋ, ಇಡೀ ಸ್ಥಾವರದ್ದೋ?

ನನ್ನ ಪ್ರಕಾರ ಶಾಖಕ್ಕಿಂತ ಕಷ್ಟದ್ದು ಆಮೇಲಿನ ಇಂಜಿನಿಯರಿಂಗ್. ಹುಟ್ಟುವ ಶಕ್ತಿಯ ಶೇಕಡಾ 80ರಷ್ಟನ್ನು ನ್ಯೂಟ್ರಾನ್ ಹೊತ್ತೊಯ್ಯುತ್ತದೆ. ಅದಕ್ಕೆ ವಿದ್ಯುದಂಶ ಇಲ್ಲ, ಆಯಸ್ಕಾಂತಕ್ಕೆ ಸಿಗಲ್ಲ, ನೇರ ಗೋಡೆಗೆ ಬಡಿಯುತ್ತದೆ. ಆ ಹೊಡೆತಕ್ಕೆ ಗೋಡೆ ಸವೆಯುತ್ತದೆ, ವಿಕಿರಣಶೀಲವೂ ಆಗುತ್ತದೆ. ಟ್ರಿಟಿಯಂ ಕಥೆ ಇನ್ನೊಂದು. ಅದು ಸುಮಾರು 12 ವರ್ಷಕ್ಕೆ ಅರ್ಧ ಕರಗಿಹೋಗುತ್ತದೆ, ಹಾಗಾಗಿ ಪ್ರಕೃತಿಯಲ್ಲಿ ಸಿಗುವುದು ತೀರಾ ಕಡಿಮೆ. ಗೋಡೆಯಲ್ಲಿ ಲಿಥಿಯಂ ಇಟ್ಟು, ಅದೇ ನ್ಯೂಟ್ರಾನ್‌ಗಳಿಂದ ಸ್ಥಾವರದೊಳಗೇ ತಯಾರಿಸಿಕೊಳ್ಳಬೇಕು. ಫ್ರಾನ್ಸ್‌ನಲ್ಲಿ ಭಾರತವೂ ಸೇರಿ ಹಲವು ದೇಶಗಳು ಕಟ್ಟುತ್ತಿರುವ 'ಇಟರ್' ಇಂಥದ್ದನ್ನೆಲ್ಲ ಪರೀಕ್ಷಿಸಲಿದೆ. ಅದರ ದೈತ್ಯ ಸ್ಟೀಲ್ ಹೊದಿಕೆಯ ಭಾಗಗಳು ತಯಾರಾದದ್ದು ಗುಜರಾತಿನ ಹಜೀರಾದಲ್ಲಿ. 2024ರಲ್ಲಿ ಹೇಳಿದ ಹೊಸ ವೇಳಾಪಟ್ಟಿಯಂತೆ ಅಲ್ಲಿ ಡ್ಯುಟೀರಿಯಂ-ಟ್ರಿಟಿಯಂ ಉರಿಯುವುದು 2039ಕ್ಕೆ. ಆಗಲೂ ಅದು ಕರೆಂಟ್ ಕೊಡುವುದಿಲ್ಲ, ಅದು ಪ್ರಯೋಗ ಮಾತ್ರ.

ಫ್ಯೂಷನ್ ಇದ್ದಿದ್ದರೆ 2021ರಲ್ಲಿ ಕರೆಂಟ್ ಉಳಿಯುತ್ತಿತ್ತಾ? ಖಂಡಿತ ಅಂತ ಹೇಳಕ್ಕಾಗಲ್ಲ. ಆ ಫೆಬ್ರವರಿ 15ರಂದು ಸೌತ್ ಟೆಕ್ಸಾಸ್ ಪ್ರಾಜೆಕ್ಟ್‌ನ ಎರಡು ರಿಯಾಕ್ಟರ್‌ಗಳಲ್ಲಿ ಒಂದು ನಿಂತುಹೋಯಿತು. ಒಳಗಿನ ರಿಯಾಕ್ಟರ್ ಕೆಟ್ಟಿರಲಿಲ್ಲ. ನೀರಿನ ಒತ್ತಡ ಅಳೆಯುವ ಸಣ್ಣ ಕೊಳವೆ ಹೊರಗೆ ಹೆಪ್ಪುಗಟ್ಟಿತ್ತು. ಈಗ ಯೋಚಿಸಿರುವ ಫ್ಯೂಷನ್ ಸ್ಥಾವರಗಳಲ್ಲಿ ಹೆಚ್ಚಿನವೂ ಕೊನೆಗೆ ನೀರು ಕಾಯಿಸಿ, ಆವಿಯಿಂದ ಟರ್ಬೈನ್ ತಿರುಗಿಸುವಂಥವೇ. ಅಲ್ಲೂ ಕೊಳವೆಗಳಿರುತ್ತವೆ, ಅವಕ್ಕೂ ಕಂಬಳಿ ಹೊದಿಸಬೇಕು.

ಈಗ ಮನೆಗೆಲಸ. ಅಡುಗೆಮನೆಯ ಕೆಟಲ್ ತಳದಲ್ಲಿ ಎಷ್ಟು ವ್ಯಾಟ್ ಅಂತ ಬರೆದಿದೆ ನೋಡಿ. 1,500 ವ್ಯಾಟ್ ಅಂದರೆ ಸೆಕೆಂಡಿಗೆ 1,500 ಜೂಲ್. ಲಿವರ್‌ಮೋರ್‌ನ 1.1 ಮೆಗಾಜೂಲ್ ಲಾಭದಿಂದ ಆ ಕೆಟಲ್ ಎಷ್ಟು ನಿಮಿಷ ಓಡುತ್ತದೆ? 300 ಮೆಗಾಜೂಲ್‌ನಿಂದ ಎಷ್ಟು ಗಂಟೆ? ಉತ್ತರ ಬರೆದು ಮುಂದಿನ ವಾರ ತರಗತಿಗೆ ತನ್ನಿ. ಅಪ್ಪ-ಅಮ್ಮಂದಿರೇ, ದಯವಿಟ್ಟು ನೀವು ಮಾಡಿಕೊಡಬೇಡಿ!