ಹಳೆ ಟರ್ಬೊ ಜೀಪು: ನಿಂತಲ್ಲಿ ನಡುಕ, ಏರಲ್ಲಿ ಸುಸ್ತು

ಮಳೆ ನಂಬಿದ ರೈತರ ಮನೆಯಲ್ಲಿ ಹೊಸ ಗಾಡಿ ಅಪರೂಪ. ಎರಡನೆಯವರದೋ ಮೂರನೆಯವರದೋ ಕೈ ದಾಟಿ ಬಂದ ಡೀಸೆಲ್ ಜೀಪು, ಬೊಲೆರೊ, ಸುಮೊಗಳೇ ಹೆಚ್ಚು. ಆಸ್ಪತ್ರೆಗೂ ಅದೇ, ಸಂತೆಗೂ ಅದೇ, ಗೊಬ್ಬರದ ಚೀಲಕ್ಕೂ ಅದೇ. ಇವಕ್ಕೆ ವಯಸ್ಸಾದಾಗ ಎರಡು ದೂರು ಹೆಚ್ಚುಕಮ್ಮಿ ಒಟ್ಟಿಗೇ ಶುರುವಾಗ್ತವೆ. ನ್ಯೂಟ್ರಲ್‌ನಲ್ಲಿ ನಿಂತಾಗ ಇಂಜಿನ್ ಗಡಗಡ ನಡುಗೋದು ಒಂದು. ಲೋಡ್ ಹಾಕಿ ಏರು ಹತ್ತುವಾಗ ಎಳೆತ ಇಲ್ಲದೆ ಎರಡನೇ ಗೇರಿಗೆ ಇಳಿಯೋದು ಇನ್ನೊಂದು. ಗ್ಯಾರೇಜಿಗೆ ಒಯ್ದರೆ ಬಹಳ ಕಡೆ ಒಂದೇ ಮಾತು: "ಟರ್ಬೊ ಹೋಗಿದೆ, ಬದಲಾಯಿಸಬೇಕು." ಶೇಂಗಾ ಬೆಳೆ ಕೈಕೊಟ್ಟ ವರ್ಷ ಆ ಖರ್ಚು ಕೇಳಿದರೆ ಗಾಡಿಯನ್ನೇ ಮಾರೋಣ ಅನ್ನಿಸ್ತದೆ. ಆದರೆ ಆ ಎರಡು ದೂರು ಬಹುಪಾಲು ಎರಡು ಬೇರೆ ರೋಗ. ಒಂದಕ್ಕೆ ಡೀಸೆಲ್ ದಾರಿ ನೋಡಬೇಕು, ಇನ್ನೊಂದಕ್ಕೆ ಗಾಳಿ ದಾರಿ.

ನಾನು ಹೇಳ್ತಿರೋದು ಮೆಕ್ಯಾನಿಕಲ್ ಪಂಪು, ಅಂದರೆ ನಾವು ಮೈಕೋ ಪಂಪು ಅನ್ನೋದು ಇರುವ ಹಳೆ ಗಾಡಿಗಳ ವಿಷಯ. (ಮೈಕೋ ಕಂಪೆನಿಯ ಹೆಸರು 2008ರಲ್ಲೇ ಬಾಶ್ ಆಯ್ತು. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಮೈಕೋ.) ಕಾಮನ್ ರೈಲ್ ಗಾಡಿಗಳಿಗೆ ಕೆಳಗೆ ಬರುವ ನಟ್ ಸಡಿಲಿಸುವ ಪರೀಕ್ಷೆ ಮಾಡಲೇಬಾರದು. ಅಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಇರ್ತದೆ. ನಮ್ಮ ಜೀಪಿನ ಟೈರಲ್ಲಿ ಇರೋದು ಎರಡು ಎರಡೂವರೆ ಬಾರ್ ಅಷ್ಟೆ, ಲೆಕ್ಕ ಹಾಕಿ.

ಟರ್ಬೊ ಅಂದರೆ ಕುಲುಮೆಯ ತಿದಿ ಇದ್ದಂತೆ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನ ಇಂಜಿನ್ನಿಗೆ ಒತ್ತಿ ತುಂಬ್ತದೆ. ಪೂರಾ ಲೋಡಿನಲ್ಲಿ ಆ ಶಾಫ್ಟು ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಮೇಲೆ ಹೋಗ್ತದೆ. ನಿಂತಲ್ಲಿ ಓಡುವಾಗ ಹೊಗೆ ಕಮ್ಮಿ, ಟರ್ಬೊ ಒತ್ತೋದು ಇಲ್ಲವೇ ಇಲ್ಲ ಅನ್ನುವಷ್ಟು. ಹಾಗಾಗಿ ನಿಂತಾಗಿನ ನಡುಕಕ್ಕೆ ಟರ್ಬೊ ಬದಲಿಸಿದರೆ ನಡುಕ ಹಾಗೇ ಉಳೀತದೆ. ಪೆಟ್ರೋಲ್ ಟರ್ಬೊ ಕಾರಿನ ಕಥೆ ಬೇರೆ. ಅಲ್ಲಿ ಗಾಳಿ ಪೈಪು ಒಡೆದರೂ ಐಡ್ಲಿಂಗ್ ಕೆಡ್ತದೆ.

ನಡುಕಕ್ಕೆ ಮೊದಲು ನೋಡಬೇಕಾದ್ದು ಇಂಜಿನ್ ಕೂರಿಸಿದ ರಬ್ಬರ್ ಮೌಂಟಿಂಗ್. ಸದ್ದು ಒಂದೇ ಸಮ ಇದ್ದು ಬಾಡಿ ಮಾತ್ರ ಅದುರಿದರೆ ಮೌಂಟಿಂಗ್ ಸತ್ತಿದೆ. ಸದ್ದೇ ತಪ್ಪುತ್ತಿದ್ದರೆ ಡೀಸೆಲ್ ಕಡೆ ಹೋಗಿ. ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ತದೆ. ಪಂಪ್‌ಸೆಟ್ಟಿಗೆ ಅಂತ ಕ್ಯಾನಿನಲ್ಲಿ ತಂದ ಡೀಸೆಲ್ಲನ್ನೇ ಗಾಡಿಗೂ ಹೊಯ್ಯುವ ನಮ್ಮಂಥವರ ಮನೆಯಲ್ಲಿ ಇದು ಸಾಮಾನ್ಯ.

ಆಮೇಲೆ ಗಾಳಿ ಎಳೆಯುವುದು. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗದೆ, ಆದಮೇಲೆ ಏರಿಳಿತ ಹೊಡೆದರೆ ಅನುಮಾನ ಇದರ ಮೇಲೆಯೇ. ಫಿಲ್ಟರಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪಿನ ಜಾಗಕ್ಕೆ ಅದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಪೈಪು ಹಾಕಿ ಓಡಿಸಿ. ಗುಳ್ಳೆ ಹರಿಯೋದು ಕಣ್ಣಿಗೇ ಕಾಣ್ತದೆ. ಗುಳ್ಳೆ ಬಂದರೆ ಟ್ಯಾಂಕಿನವರೆಗೂ ಒಂದೊಂದೇ ಜಾಯಿಂಟ್ ನೋಡ್ತಾ ಹೋಗಿ. ಹಳೆ ತಾಮ್ರದ ವಾಷರ್, ಸೀಳಿದ ರಬ್ಬರ್ ಪೈಪು, ಕೈಪಂಪಿನ ಡಯಾಫ್ರಾಮ್, ಇವು ಮೂರೇ ಹೆಚ್ಚಿನ ಕಳ್ಳರು.

ಅಲ್ಲೂ ಸರಿಯಿದ್ದರೆ ನಾಜಲ್. ಇಂಜಿನ್ ಐಡ್ಲಿಂಗಿನಲ್ಲಿರುವಾಗ ಒಂದೊಂದೇ ನಾಜಲ್ ಪೈಪಿನ ನಟ್ಟನ್ನ ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡಿ. ಸಡಿಲಿಸಿದಾಗ ಇಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ದುಡೀತಿದೆ. ಏನೂ ವ್ಯತ್ಯಾಸ ಆಗದಿದ್ದರೆ ಅದೇ ಸೋಮಾರಿ. ಈ ಹಳೆ ಪಂಪಿನಲ್ಲೂ ಒತ್ತಡ ಕಮ್ಮಿ ಏನಲ್ಲ. ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ದೂರ ಇಟ್ಟು, ಕನ್ನಡಕ ಹಾಕ್ಕೊಂಡು ಮಾಡಿ. ಸೋರುವ ಡೀಸೆಲ್ಲಿಗೆ ಬೆರಳು ಒಡ್ಡಬೇಡಿ, ಅದು ಚರ್ಮ ಸೀಳಿ ಒಳಗೆ ಹೋಗ್ತದೆ. ಆಮೇಲೆ ಆ ನಾಜಲ್ಲನ್ನ ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ (ವಾಷರ್ ಹೊಸದಿರಲಿ). ರೋಗ ನಾಜಲ್ ಜೊತೆಗೇ ಹೋದರೆ ಸರ್ವೀಸ್ ಮಾಡಿಸಿದರಾಯ್ತು. ಅಲ್ಲೇ ಉಳಿದರೆ ಟ್ಯಾಪೆಟ್ ಅಥವಾ ಕಂಪ್ರೆಷನ್, ಅದು ಮೇಸ್ತ್ರಿ ಕೆಲಸ.

ಇನ್ನು ಎಳೆತದ ಮಾತು. ಏರಿನಲ್ಲಿ ಹಿಂದೆ ಬರುವವರಿಂದ ಒಂದು ವಿಷಯ ಕೇಳಿ: ಹೊಗೆ ಹೆಂಗಿದೆ? ಎಳೆತ ಇಲ್ಲ, ಕಪ್ಪು ಹೊಗೆ ದಟ್ಟ ಇದೆ ಅಂದರೆ ಡೀಸೆಲ್ ಬರ್ತಿದೆ, ಸುಡೋಕೆ ಗಾಳಿ ಸಾಲದು. ಎಳೆತವೂ ಇಲ್ಲ, ಹೊಗೆಯೂ ಇಲ್ಲ ಅಂದರೆ ಡೀಸೆಲ್ಲೇ ಸಾಲದು. ಎರಡನೆಯದಕ್ಕೆ ಮೊದಲು ಫಿಲ್ಟರ್ ಬದಲಿಸಿ. ಟರ್ಬೊ ಗಾಡಿಯ ಕೆಲವು ಪಂಪುಗಳ ತಲೆ ಮೇಲೆ ಒಂದು ಟೋಪಿ, ಅದಕ್ಕೆ ಇಂಟೇಕ್ ಮ್ಯಾನಿಫೋಲ್ಡಿನಿಂದ ಬರುವ ಸಣ್ಣ ಪೈಪು ಇರ್ತದೆ. ಟರ್ಬೊ ಗಾಳಿ ಒತ್ತಿದಾಗ ಆ ಟೋಪಿಯೊಳಗಿನ ಡಯಾಫ್ರಾಮ್ ತಗ್ಗಿ ಡೀಸೆಲ್ ಹೆಚ್ಚು ಬಿಡ್ತದೆ. ಆ ಬೆರಳುಗಾತ್ರದ ಪೈಪು ಸೀಳಿದರೂ ಗಾಡಿ ಎಮ್ಮೆಯಂತೆ ನಡೀತದೆ, ಟರ್ಬೊ ಮಾತ್ರ ಚೆನ್ನಾಗೇ ಇರ್ತದೆ.

ಕಪ್ಪು ಹೊಗೆಯಾದರೆ ಏರ್ ಫಿಲ್ಟರಿನಿಂದ ಶುರು ಮಾಡಿ. ನಮ್ಮ ಬಯಲುಸೀಮೆ ಧೂಳಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ನಡೆಯೋದಿಲ್ಲ, ಬೇಸಿಗೆಯಲ್ಲಿ ಬೇಗ ತೆಗೆದು ನೋಡಬೇಕು. ಕಾಗದದ ಎಲಿಮೆಂಟನ್ನ ನೀರಲ್ಲಿ ತೊಳೀಬೇಡಿ.

ಅದಾದ ಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ದಪ್ಪ ಹೋಸ್ ಪೈಪು. ಇವು ಕ್ಲ್ಯಾಂಪಿನ ಕೆಳಗೆ, ಮಡಿಕೆಯ ತಳಭಾಗದಲ್ಲಿ ಸೀಳೋದು. ನಿಂತಾಗ ಸೀಳು ಮುಚ್ಚಿಕೊಂಡಿರ್ತದೆ, ಒತ್ತಡ ಬಂದಾಗ ಬಾಯಿ ಬಿಡ್ತದೆ. ಎಣ್ಣೆ ಜಿನುಗಿ ಧೂಳು ಮೆತ್ತಿದ ಜಾಗ ಮೊದಲು ಹುಡುಕಿ. ಸಿಗದಿದ್ದರೆ ನಮ್ಮ ಊರಿನ ಉಪಾಯ ಹೀಗೆ: ಪಿವಿಸಿ ಪೈಪಿನ ಎಂಡ್ ಕ್ಯಾಪು ಎಲ್ಲರ ಮನೆಯಲ್ಲೂ ಬಿದ್ದಿರ್ತದೆ. ಟರ್ಬೊ ಬಾಯಿಯ ಅಳತೆಗೆ ಹೊಂದುವುದನ್ನ ಆರಿಸಿ, ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಏರ್ ಫಿಲ್ಟರಿನ ಪೈಪು ಕಳಚಿ, ಈ ಕ್ಯಾಪನ್ನ ರಬ್ಬರ್ ತುಂಡು, ಕ್ಲ್ಯಾಂಪು ಹಾಕಿ ಟರ್ಬೊ ಬಾಯಿಗೆ ಬಿಗಿಯಿರಿ. ಪಂಕ್ಚರ್ ಅಂಗಡಿಯ ಗಾಳಿಯಿಂದ 10 ಪೌಂಡ್ ಒಳಗೇ ಗಾಳಿ ಕೊಡಿ, ಕ್ಯಾಪಿನ ನೇರಕ್ಕೆ ಯಾರೂ ನಿಲ್ಲಬಾರದು. ಸೋಪಿನ ನೊರೆ ಹಚ್ಚುತ್ತಾ ಹೋದರೆ ಸೀಳು ಇರುವಲ್ಲಿ ಗುಳ್ಳೆ ಏಳ್ತದೆ. ವಾಲ್ವ್‌ಗಳ ಮೂಲಕ ಇಂಜಿನ್ ಒಳಕ್ಕೆ ಸ್ವಲ್ಪ ಗಾಳಿ ಹೋಗೋದು ಸಹಜ, ಅದಕ್ಕೆ ಹೆದರಬೇಡಿ.

ನಮ್ಮ ಜೀಪಿಗೆ ಪೇಟೆಯ ಒಂದು ಗ್ಯಾರೇಜಿನಲ್ಲಿ ಟರ್ಬೊ ಬದಲಾಯಿಸಲು ಹೇಳಿದ್ದರು. ಈ ನೊರೆ ಪರೀಕ್ಷೆಯಲ್ಲಿ ಇಂಟರ್‌ಕೂಲರಿನ ಕೆಳಗಿನ ಹೋಸಿನಲ್ಲಿ ಎರಡು ಬೆರಳುದ್ದ ಸೀಳು ಸಿಕ್ಕಿತು. ಹೋಸು, ಎರಡು ಕ್ಲ್ಯಾಂಪು ಬದಲಾದ ಮೇಲೆ ಅದೇ ಟರ್ಬೊದಲ್ಲಿ ಮೂರು ವರ್ಷದಿಂದ ಹಿರಿಯೂರು ಮಂಡಿಗೆ ಓಡಾಡ್ತಿದೆ.

ಹೋಸ್ ಸರಿಯಿದ್ದರೆ ವೇಸ್ಟ್‌ಗೇಟ್ ನೋಡಿ. ಟರ್ಬೊ ಪಕ್ಕದ ಡಬ್ಬಿ ಮತ್ತು ಸಣ್ಣ ರಾಡು ಅದರದ್ದು. ಒತ್ತಡ ಅತಿಯಾದಾಗ ಹೊಗೆಗೆ ಬೇರೆ ದಾರಿ ಬಿಡೋದು ಅದರ ಕೆಲಸ. ತುಕ್ಕು ಹಿಡಿದು ತೆರೆದೇ ನಿಂತರೆ ಟರ್ಬೊ ಒತ್ತೋದೇ ಇಲ್ಲ. ಡಬ್ಬಿಯ ಮೂತಿಗೆ ಸೈಕಲ್ ಪಂಪಿನಿಂದ ನಿಧಾನ ಗಾಳಿ ಹಾಕಿದರೆ ರಾಡು ಸರಿಯಬೇಕು, ಬಿಟ್ಟಾಗ ವಾಪಸು ಬರಬೇಕು. ಎಳೆತ ಜಾಸ್ತಿ ಬರ್ತದೆ ಅಂತ ಕೆಲವರು ಆ ರಾಡಿನ ನಟ್ ತಿರುಗಿಸ್ತಾರೆ. ಹೆಡ್ ಗ್ಯಾಸ್ಕೆಟ್ ಸುಡುವ ಕೆಲಸ ಅದು.

ಎರಡೂ ದೂರು ಒಂದೇ ಜಾಗದಿಂದ ಬರುವುದೂ ಉಂಟು. ಇಜಿಆರ್ ವಾಲ್ವ್ ಇರುವ ಗಾಡಿಯಲ್ಲಿ ಅದು ಮಸಿ ಕಟ್ಟಿ ತೆರೆದೇ ನಿಂತರೆ ಸುಟ್ಟ ಹೊಗೆ ಸದಾ ಇಂಜಿನ್ನಿಗೆ ವಾಪಸು ಬರ್ತದೆ. ಆಗ ನಡುಕ, ಕಪ್ಪು ಹೊಗೆ, ಸುಸ್ತು ಮೂರೂ ಸೇರ್ತವೆ. ಬಿಚ್ಚಿ ಮಸಿ ತೊಳೆದು, ವ್ಯಾಕ್ಯೂಮ್ ಪೈಪು ನೋಡಿ ಹಾಕಿ. ತಗಡು ಇಟ್ಟು ಮುಚ್ಚುವವರಿದ್ದಾರೆ, ಅದು ಕಾನೂನಿಗೆ ವಿರುದ್ಧ.

ಇಷ್ಟೆಲ್ಲ ಆದಮೇಲೆ ಟರ್ಬೊ ಮುಟ್ಟಿ. ಏರ್ ಪೈಪು ಕಳಚಿ, ಇಂಜಿನ್ ಆರಿದಾಗ, ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೊಂಚ ಆಟ ಇರೋದು ಸರಿ. ಹಿಂದೆ ಮುಂದೆ ಆಡಿದರೆ, ಎಲೆಗಳು ಗೂಡಿಗೆ ಉಜ್ಜಿದ ಗೀರು ಕಂಡರೆ ಅದರ ಆಯುಷ್ಯ ಮುಗಿದಿದೆ. ಪೈಪಿನೊಳಗೆ ತೆಳು ಎಣ್ಣೆ ಪಸೆ ಬ್ರೀದರಿನಿಂದಲೂ ಬರ್ತದೆ. ನೀಲಿ ಹೊಗೆ ಇದ್ದು ಆಯಿಲ್ ಕಮ್ಮಿಯಾಗ್ತಿದ್ದರೆ ಮಾತ್ರ ಚಿಂತೆ. ಬದಲಿಸುವುದೇ ಆದರೆ ಟರ್ಬೊಗೆ ಆಯಿಲ್ ಕೊಡುವ ಸಣ್ಣ ಪೈಪನ್ನೂ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಿಸಿ. ಆ ಪೈಪು ಮಸಿಯಿಂದ ಕಟ್ಟಿಕೊಂಡೇ ಹಳೆಯದು ಸತ್ತಿದ್ದರೆ ಹೊಸದೂ ಅದೇ ದಾರಿ ಹಿಡೀತದೆ. ಹೊಸದು ಕೂರಿಸಿದ ಮೇಲೆ ಏರು ಹತ್ತಿ ಬಂದ ತಕ್ಷಣ ಚಾವಿ ತೆಗೀದೆ, ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಆರಿಸಿ.